ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರಂತೆ

ಒಂದು ಅಪಘಾತದ ಕೇಸಿನಲ್ಲಿ ಇವತ್ತೂ ನನ್ನ ಸಾಕ್ಷಿ ಆಗಲಿಲ್ಲ. ಆರೋಪಿ ಕಡೆಯ ಜೂನಿಯರ್ ವಕೀಲರು ಎದ್ದು, 'ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಒಂದು ಡೇಟ್ ಕೊಡಿ' ಅಂದರು. ಕೊಟ್ಟರು. ಒಂದು ನಿಮಿಷವೂ ಹಿಡಿಯಲಿಲ್ಲ. ಅದಕ್ಕೆ ನಾನು ರಜೆ ಹಾಕಿ ಬೆಳಿಗ್ಗೆಯಿಂದ ಕಾರಿಡಾರಿನಲ್ಲಿ ಕಾದಿದ್ದೆ.

ಆ ಅಪಘಾತದ ಬಗ್ಗೆ ಇಲ್ಲಿ ಹಿಂದೆಯೇ ಬರೆದಿದ್ದೆ, ಮತ್ತೆ ಹೇಳಲ್ಲ. ಆರೋಪಿ ಕುಡಿದು ಕಾರು ಓಡಿಸಿದ, ಒಬ್ಬರು ಸತ್ತರು, ನಾನು ಕಣ್ಣಾರೆ ಕಂಡೆ.

ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಅನ್ನೋದು ವಾಯಿದೆ ಕೊಡಲು ಕಾರಣವಲ್ಲ ಅಂತ ಕಾನೂನಿನಲ್ಲೇ ಬರೆದಿದೆ ಕಣ್ರೀ! ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನೋ ಹಳೇ ಕಾನೂನು ಸಿಆರ್‌ಪಿಸಿಯ 309ನೇ ಸೆಕ್ಷನ್‌ನಲ್ಲಿತ್ತು. ಅದರ ಬದಲಿಗೆ 2024ರ ಜುಲೈಯಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ 346ರಲ್ಲೂ ಇದೆ. ಸಾಕ್ಷಿ ಬಂದು ನಿಂತಿದ್ದರೆ ವಿಶೇಷ ಕಾರಣ ಬರೆದಿಡದೆ ವಾಪಸ್ ಕಳಿಸಬಾರದು ಅಂತಲೂ ಇದೆ. ಓದೋಕೆ ಬಹಳ ಚೆನ್ನಾಗಿದೆ.

'ಜಡ್ಜ್‌ಗಳು ಕಡಿಮೆ, ಕೇಸು ಜಾಸ್ತಿ, ಏನ್ಮಾಡ್ತಾರೆ ಪಾಪ' ಅಂತ ಕೆಲವರು ಹೇಳ್ತೀರಿ. ನಿಜ, ಒಪ್ಪಿದೆ. ಆದರೆ ಇವತ್ತು ಜಡ್ಜ್ ಇದ್ದರು, ಸರ್ಕಾರಿ ವಕೀಲರಿದ್ದರು, ನಾನಿದ್ದೆ. ಇಲ್ಲದಿದ್ದವರು ಆ ಸೀನಿಯರ್ ಮಾತ್ರ. ಇದಕ್ಕೂ ಜಡ್ಜ್‌ಗಳ ಕೊರತೆಗೂ ಏನ್ರೀ ಸಂಬಂಧ? ಸುಮ್ನೆ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನು ತಪ್ಪೊಪ್ಪಿಕೊಂಡು 10,000 ರೂಪಾಯಿ ದಂಡ ಕಟ್ಟಿದರೆ ಇದೇ ವ್ಯವಸ್ಥೆಯಲ್ಲಿ ಬೇಗ ಮುಗಿಯುತ್ತೆ. ಯಾರಾದರೂ ಸತ್ತಾಗಲೇ ವಾಯಿದೆ ಮೇಲೆ ವಾಯಿದೆ.

ದೆಹಲಿಯ ಬಿಎಂಡಬ್ಲ್ಯು ಕೇಸು ನೆನಪಿದೆಯಾ? 1999ರ ಜನವರಿಯಲ್ಲಿ ಕಾರು ಹರಿದು ಆರು ಜನ ಸತ್ತರು. ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2012ರಲ್ಲಿ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಏಳು ಕೂಲಿಗಳು ಸತ್ತರು. ಅದೂ ಮುಗಿದಿದ್ದು 2012ಕ್ಕೇ.

ಗಂಟೆ ಕಳೆದಂತೆ ರಕ್ತದಲ್ಲಿ ಆಲ್ಕೋಹಾಲ್ ಇಳಿಯುತ್ತೆ. ಗಾಡಿ ಓಡಿಸೋರಿಗೆ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅದಕ್ಕೇ ನಮ್ಮ ಕೇಸಿನಲ್ಲಿ ಅಪಘಾತದ ರಾತ್ರಿಯೇ ಆರೋಪಿಯನ್ನು ಆಸ್ಪತ್ರೆಗೆ ಓಡಿಸಿಕೊಂಡು ಹೋಗಿ ರಕ್ತ ತೆಗೆಸಿದರು. ಆಮೇಲೆ ಅವಸರ ಯಾರಿಗೂ ಇಲ್ಲ. ರಕ್ತ ತೆಗೆದ ಡಾಕ್ಟರಿಗೆ ವರ್ಗ ಆಯ್ತು, ತನಿಖಾಧಿಕಾರಿಗೂ ಆಯ್ತು. ಉಳಿದವನು ನಾನು. ಆರೋಪಿ ಕಾರಿನಿಂದ ಇಳಿದಾಗ ತೂರಾಡುತ್ತಿದ್ದನೋ, ಬಾಗಿಲು ಹಿಡಿದು ನಿಂತಿದ್ದನೋ, ನಿಜ ಹೇಳ್ತೀನಿ, ಈಗ ನನಗೇ ಅನುಮಾನ. ಅವನ ವಕೀಲರು ಪಾಟೀ ಸವಾಲಿನಲ್ಲಿ ಕೇಳೋದು ಅದನ್ನೇ. ನಾನು ತಡವರಿಸಿದರೆ ಅವರ ಕೆಲಸ ಆಯ್ತು. ಸೀನಿಯರ್ ಬೇರೆ ಕೋರ್ಟಿನಲ್ಲಿ ಯಾಕಿರ್ತಾರೆ ಅಂತ ಈಗ ಗೊತ್ತಾಯ್ತು ಅಲ್ವಾ?

ಆರೋಪಿಯೂ ಬಂದಿರಲಿಲ್ಲ. ಗೈರುಹಾಜರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಿದ್ದ, ಸಿಕ್ಕಿತು. ನಾನು ತಪ್ಪಿಸಿದರೆ ವಾರಂಟ್ ಬರುತ್ತೆ. ಸಂಜೆ ಮ್ಯಾನೇಜರ್ ಫೋನ್ ಮಾಡಿ, 'ಏನ್ರೀ, ಪದೇ ಪದೇ ಕೋರ್ಟಿಗೆ ಹೋಗ್ತೀರಿ, ಏನು ಮಾಡಿಕೊಂಡಿದ್ದೀರಿ?' ಅಂದರು. ಏನೂ ಮಾಡಿಲ್ಲ ಸಾರ್, ಅದಕ್ಕೇ ಹೋಗಬೇಕು ಅಂದೆ.