ಜಪಾನಿನಿಂದ ಬಂದ ಡ್ರೈವರ್

"ಜಪಾನಿನಿಂದ ಡ್ರೈವರ್ ಬರುತ್ತಿದೆ" ಎಂದು ನಾನು ಫೋನಿನಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದದ್ದು ಅಮ್ಮನ ಕಿವಿಗೆ ಬಿತ್ತು. ಕೂಗಿ ಕರೆದರೆ ಕೇಳಿಸದ ಆ ಕಿವಿಗೆ ಪಿಸುಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ. ಸಾಲದ್ದಕ್ಕೆ ಅವರು ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಹೇಳಿದವರು.

"ಬರುತ್ತಿದ್ದಾನೆ ಎನ್ನು. ಸಂಬಳ ಕೊಡುತ್ತೇವೆಂದ ಮಾತ್ರಕ್ಕೆ ಮನುಷ್ಯನನ್ನು ನಪುಂಸಕಲಿಂಗಕ್ಕೆ ತಳ್ಳಬಾರದು" ಎಂದರು. ಆಮೇಲೆ ವಿಚಾರಣೆ ಶುರುವಾಯಿತು. ಅಷ್ಟು ದೂರದಿಂದ ಏಕೆ? ಬೆಂಗಳೂರಿನಲ್ಲಿ ಯಾರೂ ಸಿಗಲಿಲ್ಲವೇ? ಅವನಿಗೆ ಹುಳಿ, ಸಾರು ಒಗ್ಗುತ್ತದೆಯೇ?

ಗಾಲ್ಫಿನಲ್ಲಿ ಡ್ರೈವರ್ ಎಂದರೆ ಮೊದಲ ಹೊಡೆತಕ್ಕೆ ಬಳಸುವ, ಬುರುಡೆ ದೊಡ್ಡದಾದ ಉದ್ದನೆಯ ಕೋಲು ಎಂದು ವಿವರಿಸಿದೆ. "ಹಾಗಾದರೆ ಕೋಲು ಎಂದೇ ಹೇಳಬಹುದಿತ್ತಲ್ಲ" ಎಂದು ಅಮ್ಮ ಒಳಗೆ ಹೋದರು. ಆದರೆ ಮನೆಗೆಲಸದವಳಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲೆಲ್ಲ ನಾವು ಜಪಾನಿನವನೊಬ್ಬನನ್ನು ಕಾರು ಓಡಿಸಲು ಇಟ್ಟುಕೊಳ್ಳುತ್ತಿದ್ದೇವೆ ಎಂದಾಗಿತ್ತು. ನಮ್ಮದು ಹನ್ನೊಂದು ವರ್ಷ ಹಳೆಯ ಸಣ್ಣ ಕಾರು.

ಈ ವದಂತಿಯಿಂದ ನನಗೆ ಒಳಗೊಳಗೇ ಸಮಾಧಾನವೇ ಆಯಿತು. ಏಕೆಂದರೆ ನಿಜಸಂಗತಿ ಇನ್ನೂ ಕೆಟ್ಟದಾಗಿತ್ತು. ಬರುತ್ತಿದ್ದದ್ದು ಕಳ್ಳ ಕೋಲು.

ನನ್ನ ಸಂಕಟ ಇದು. ನಲವತ್ತೈದರ ಪ್ರಾಯದಲ್ಲಿ 210 ಗಜ ಹೋಗುತ್ತಿದ್ದ ನನ್ನ ಚೆಂಡು ಅರವತ್ತೊಂದರಲ್ಲಿ 170ಕ್ಕೆ ಇಳಿದಿತ್ತು. ನಾವು ನಾಲ್ವರು ಪ್ರತಿ ಭಾನುವಾರ ಬೆಳಗ್ಗೆ ಆಡುತ್ತೇವೆ: ಒಬ್ಬರು ನಿವೃತ್ತ ಕರ್ನಲ್, ಒಬ್ಬರು ದಂತವೈದ್ಯರು, ಒಬ್ಬರು ಲೆಕ್ಕಪರಿಶೋಧಕರು, ಮತ್ತು ಎಂಜಿನಿಯರಾಗಿದ್ದು ನಿವೃತ್ತನಾದ ನಾನು. ಗೆದ್ದವರಿಗೆ ಉಳಿದ ಮೂವರು ಸೇರಿ ದೋಸೆ, ಕಾಫಿ ಕೊಡಿಸಬೇಕು. ಕರ್ನಲ್ ಸಾಹೇಬರು ನನಗಿಂತ ಒಂಬತ್ತು ವರ್ಷ ದೊಡ್ಡವರು, ಒಂದು ಮಂಡಿ ಬದಲಾಯಿಸಿಕೊಂಡವರು. ಅವರ ಚೆಂಡು ನನ್ನದಕ್ಕಿಂತ ಇಪ್ಪತ್ತು ಗಜ ಮುಂದೆ ಬಿದ್ದಿರುತ್ತದೆ. ಅಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತ "ಅವಸರವಿಲ್ಲ, ನಿಧಾನವಾಗಿ ಬನ್ನಿ" ಎನ್ನುತ್ತಾರೆ. ಆ ದಾಕ್ಷಿಣ್ಯದ ಮಾತಿಗೆ ಔಷಧ ಹುಡುಕಿಕೊಂಡೇ ನಾನು ದಾರಿ ತಪ್ಪಿದ್ದು.

ದಾರಿ ಎಲ್ಲಿ ತಪ್ಪುತ್ತದೆ ಎಂಬುದನ್ನು ಎಂಜಿನಿಯರನಾಗಿ ಸ್ವಲ್ಪ ಹೇಳಬೇಕು. ಈಗಿನ ಡ್ರೈವರಿನ ತಲೆ ಟೈಟಾನಿಯಂನದು, ಒಳಗೆ ಪೊಳ್ಳು. ಅದರ ಮುಖ ತೆಳುವಾದಷ್ಟೂ ಚೆಂಡು ತಾಗಿದಾಗ ಒಳಕ್ಕೆ ಬಾಗಿ ಚಿಮ್ಮುತ್ತದೆ, ಮಂಚದ ಸ್ಪ್ರಿಂಗಿನ ಮೇಲೆ ಮಕ್ಕಳು ಕುಣಿದ ಹಾಗೆ. ಗಾಲ್ಫಿಗೆ ಕಾನೂನು ಬರೆಯುವ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಇದಕ್ಕೊಂದು ಗೆರೆ ಎಳೆದಿವೆ: ನೂರರ ವೇಗದಲ್ಲಿ ಬಂದ ಚೆಂಡು ಎಂಬತ್ತಮೂರಕ್ಕಿಂತ ಹೆಚ್ಚಿನ ವೇಗದಲ್ಲಿ ಹಿಂದೆ ಚಿಮ್ಮಬಾರದು. ಅಂದರೆ 0.83. ಪರೀಕ್ಷಿಸುವ ಬಗೆ ಇನ್ನೂ ಸೊಗಸು. ಪುಟ್ಟ ಲೋಹದ ಲೋಲಕವೊಂದನ್ನು ಡ್ರೈವರಿನ ಮುಖಕ್ಕೆ ತಾಗುವಂತೆ ಬಿಟ್ಟು, ಎರಡೂ ಎಷ್ಟು ಹೊತ್ತು ಅಂಟಿಕೊಂಡಿದ್ದವು ಎಂದು ಅಳೆಯುತ್ತಾರೆ. ಮಿತಿ 239 ಮೈಕ್ರೋಸೆಕೆಂಡ್; ಅಳತೆಯ ಏರುಪೇರಿಗೆಂದು ಇನ್ನೊಂದು 18 ರಿಯಾಯಿತಿ. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದಕ್ಕಿಂತ ಹೆಚ್ಚು ಹೊತ್ತು ಅಪ್ಪಿಕೊಂಡಿದ್ದರೆ ಅಸಭ್ಯ ವರ್ತನೆ.

ಜಪಾನಿನಲ್ಲಿ ಈ ಗೆರೆಯ ಆಚೆ ನಿಂತ ಡ್ರೈವರುಗಳನ್ನು ವಯಸ್ಸಾದವರಿಗೆಂದೇ ರಾಜಾರೋಷವಾಗಿ ಮಾರುತ್ತಾರೆ. ಮುದುಕರಿಗೆ ಮರ್ಯಾದೆ ಕೊಡುವ ದೇಶ. ನಗೋಯಾದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗ ಒಂದನ್ನು ಹೊತ್ತು ತಂದ. ಮನೆಯಲ್ಲಿ ಬೆಲೆ ಕೇಳಿದಾಗ ಯೆನ್‌ನಲ್ಲಿ ಹೇಳಿದೆ. ರೂಪಾಯಿಗೆ ಪರಿವರ್ತಿಸುವಾಗ ಒಂದು ಸೊನ್ನೆ ನನ್ನ ಬಾಯಲ್ಲೇ ಉಳಿಯಿತು. ಕೋಲಿನ ಜೊತೆ ಬಂದ ಹಾಳೆಯಲ್ಲಿ ಜಪಾನಿ ಲಿಪಿಯ ನಡುವೆ ನನಗೆ ಓದಲು ಬಂದದ್ದು 0.87 ಎಂಬ ಅಂಕಿ ಒಂದೇ. ಓದಿ ಮೈ ಬೆವರಿತು.

ಬೆವರಲು ಕಾರಣವಿತ್ತು. ಹುಡುಗರಾಗಿದ್ದಾಗ ನಾವು ಗೋಲಿ ಆಡುತ್ತಿದ್ದೆವು. ಲಾರಿ ಗ್ಯಾರೇಜಿನ ಹಿಂದೆ ಹುಡುಕಿದರೆ ಬೇರಿಂಗಿನ ಉಕ್ಕಿನ ಗುಂಡು ಸಿಗುತ್ತಿತ್ತು. ಅದರಿಂದ ಹೊಡೆದರೆ ಎದುರಾಳಿಯ ಗಾಜಿನ ಗೋಲಿ ಚರಂಡಿಯವರೆಗೂ ಹಾರುತ್ತಿತ್ತು, ಇಲ್ಲವೇ ಎರಡು ಹೋಳಾಗುತ್ತಿತ್ತು. "ಬೇರಿಂಗ್ ನಡೆಯುವುದಿಲ್ಲ" ಎಂದು ಬೀದಿಯ ದೊಡ್ಡ ಹುಡುಗನೊಬ್ಬ ತೀರ್ಪು ಕೊಟ್ಟಿದ್ದ. ಲೋಲಕ, ಮೈಕ್ರೋಸೆಕೆಂಡ್ ಏನೂ ಬೇಡವಾಗಿತ್ತು. ಚಡ್ಡಿಯ ಜೇಬು ಜೋತುಬಿದ್ದ ರೀತಿ ನೋಡಿಯೇ ಅವನು ಬೇರಿಂಗ್ ಹಿಡಿಯುತ್ತಿದ್ದ. ನಾನು ಎರಡು ಸಲ ಸಿಕ್ಕಿಬಿದ್ದಿದ್ದೆ. ಐವತ್ತು ವರ್ಷದ ಬಳಿಕ ಮತ್ತೆ ಅದೇ ಜೇಬು.

ಗಾಲ್ಫಿನ ನಿಯಮವನ್ನು ತೆರೆದು ಓದಿದೆ. ಇಂಥ ಕೋಲಿನಲ್ಲಿ ಒಂದು ಹೊಡೆತ ಹೊಡೆದರೂ ಸ್ಪರ್ಧೆಯಿಂದ ಹೊರಕ್ಕೆ. ಆದರೆ ಚೀಲದಲ್ಲಿ ಇಟ್ಟುಕೊಂಡು ಓಡಾಡಿದರೆ ದಂಡವಿಲ್ಲ. 14 ಕೋಲುಗಳ ಲೆಕ್ಕಕ್ಕೆ ಸೇರುತ್ತದೆ, ಅಷ್ಟೆ. ಏಕಾದಶಿಯ ದಿನ ಡಬ್ಬದಲ್ಲಿ ಚಕ್ಕುಲಿ ಇದ್ದರೆ ಉಪವಾಸ ಮುರಿಯುವುದಿಲ್ಲ ತಾನೇ? ಮೊದಲ ಭಾನುವಾರ ನಾನು ಆ ಭಾಗವನ್ನು ನಿಷ್ಠೆಯಿಂದ ಪಾಲಿಸಿದೆ, ಮೂರನೆಯ ಗುಂಡಿಯವರೆಗೆ. ಅಲ್ಲಿ ಕರ್ನಲ್ ಸಾಹೇಬರು ಕನ್ನಡಕ ಒರೆಸಿಕೊಂಡರು.

ನಾಲ್ಕನೆಯದರಲ್ಲಿ ಕೋಲು ಬೀಸಿದೆ. ನನಗೆ ಯಾರೂ ಹೇಳಿರದಿದ್ದ ಸಂಗತಿ ಎಂದರೆ ಸದ್ದು. ತೆಳ್ಳನೆಯ ಮುಖದ ಆ ಡ್ರೈವರು "ಠಣಾರ್" ಎಂದಿತು, ಅಟ್ಟದಿಂದ ಹಿತ್ತಾಳೆಯ ಕೊಳಗ ಬಿದ್ದ ಹಾಗೆ. ಪಕ್ಕದ ಫೇರ್‌ವೇಯಲ್ಲಿ ಆಡುತ್ತಿದ್ದವರು ತಿರುಗಿ ನೋಡಿದರು. ಮರದ ಮೇಲಿದ್ದ ಗಿಳಿಗಳು ಎದ್ದವು. ನಾನು ತಲೆ ತಗ್ಗಿಸಿ ನಿಂತೆ, ಯಾರಾದರೂ ಭುಜದ ಮೇಲೆ ಕೈ ಹಾಕುತ್ತಾರೆಂದು. ಯಾರೂ ಹಾಕಲಿಲ್ಲ. ಚೆಂಡು ಎಂದಿನಂತೆ ಬಲಕ್ಕೆ ಹೊರಳಿ, ಎಂದಿನ ಜಾಗಕ್ಕಿಂತ ತುಸು ಮುಂದೆ, ಬಂಕರಿನಲ್ಲಿ ಬಿದ್ದಿತ್ತು. ಹದಿನಾರು ವರ್ಷದಿಂದ ಅಲ್ಲಿ ಆಡುತ್ತಿದ್ದೇನೆ; ಈಚಿನ ವರ್ಷಗಳಲ್ಲಿ ಆ ಮರಳಿನ ಗುಂಡಿ ನನಗೆ ಎಟುಕಿರಲಿಲ್ಲ.

ಅಂದು ಮಧ್ಯಾಹ್ನ ಮದುವೆಯ ಕರೆಯೋಲೆಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಕೊಳ್ಳುವ ಮುನ್ನ ಹಾಕಬೇಕಿದ್ದ ಲೆಕ್ಕ. ಚೆಂಡಿನ ತೂಕ 45.93 ಗ್ರಾಂ ಮೀರಬಾರದು. ಡ್ರೈವರಿನ ತಲೆ ಸುಮಾರು 200 ಗ್ರಾಂ. ಚಿಮ್ಮು 0.83ರಿಂದ 0.87ಕ್ಕೆ ಏರಿದರೆ ಚೆಂಡಿನ ವೇಗ ಏರುವುದು ನೂರಕ್ಕೆ ಎರಡರಷ್ಟು. ನನ್ನ 170 ಗಜಕ್ಕೆ ಅದು ಹೆಚ್ಚೆಂದರೆ ನಾಲ್ಕೈದು ಗಜ ಕೂಡಿಸುತ್ತದೆ. ಅದೂ ಚೆಂಡು ಮುಖದ ನಟ್ಟನಡುವೆ ತಾಗಿದರೆ. ನನ್ನದು ತಾಗುವುದು ಕಿವಿಗೋ ಕೆನ್ನೆಗೋ. ಸಾವಿರಾರು ರೂಪಾಯಿ, ಒಂದು ಸುಳ್ಳು, ಐವತ್ತು ವರ್ಷದ ಸನ್ನಡತೆ, ಇಷ್ಟನ್ನೂ ಕೊಟ್ಟು ಪಡೆದದ್ದು ಒಂದು ಆಟೋರಿಕ್ಷಾ ನಿಲ್ಲಿಸುವಷ್ಟು ಜಾಗ. ಅದರಲ್ಲಿ ಅರ್ಧ ಬಂಕರು. ಹಾಗೆ ನೋಡಿದರೆ ಬೆಂಗಳೂರೇ ನಿಯಮಬಾಹಿರ ಊರು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಗಾಳಿ ತೆಳು, ಚೆಂಡು ಮಂಗಳೂರಿನಲ್ಲಿ ಹೋಗುವುದಕ್ಕಿಂತ ಇಲ್ಲಿ ಪುಕ್ಕಟೆಯಾಗಿ ಮುಂದೆ ಹೋಗುತ್ತದೆ. ಊರು ಕೊಟ್ಟಷ್ಟನ್ನೂ ಈ ಕೋಲು ಕೊಡಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ತಪ್ಪು ಲಾಭ ತರದಿದ್ದರೆ ಅದರ ಪಕ್ಕಕ್ಕೆ ಇನ್ನೊಂದನ್ನು ಇಡಬೇಕು ಎನ್ನಿಸುತ್ತದೆ. ಬಲಕ್ಕೆ ಹೊರಳುವುದನ್ನು ತಡೆಯಲು ಕೋಲಿನ ಮುಖಕ್ಕೆ ಜಿಡ್ಡು ಸವರುವ ಹಳೆಯ ಕಳ್ಳಾಟವೊಂದಿದೆ. ಜಿಡ್ಡಿನಿಂದ ಚೆಂಡಿಗೂ ಮುಖಕ್ಕೂ ಹಿಡಿತ ತಪ್ಪುತ್ತದೆ, ಚೆಂಡು ಬುಗುರಿಯಂತೆ ಸುತ್ತುವುದು ಕಡಿಮೆಯಾಗುತ್ತದೆ, ಸುತ್ತದ ಚೆಂಡು ಹೊರಳುವುದೂ ಕಡಿಮೆ. ವಿದೇಶದಲ್ಲಿ ವ್ಯಾಸಲೀನ್ ಬಳಸುತ್ತಾರಂತೆ. ನಾನು ಸ್ವದೇಶಿ, ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆ ಒಯ್ದೆ.

ಡಿಸೆಂಬರಿನ ಬೆಳಗಿನ ಆರೂವರೆ. ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆ ಬೆಂಗಳೂರಿನ ಆ ಚಳಿಯಲ್ಲಿ ಕಲ್ಲಾಗಿತ್ತು. ಪೊದೆಯ ಮರೆಯಲ್ಲಿ ನಿಂತು, ಚೆಂಡು ಕೂರಿಸುವ ಪುಟ್ಟ ಗೂಟವಾದ ಟೀಯ ಮೊನೆಯಿಂದ ಕೆರೆದು, ಅಂಗೈಯಲ್ಲಿ ಕರಗಿಸಿ ಸವರಿದೆ. ನಂಬುವುದಾದರೆ ನಂಬಿ, ಮೊದಲ ಚೆಂಡು ನೆಟ್ಟಗೆ ಹೋಯಿತು. ಎರಡನೆಯದೂ. ದಂತವೈದ್ಯರು ಚಪ್ಪಾಳೆ ತಟ್ಟಿದರು. ನನಗೆ ಆಸೆ ಹತ್ತಿ ಏಳನೆಯದರಲ್ಲಿ ಧಾರಾಳವಾಗಿ ಸವರಿದೆ, ದೀಪಾವಳಿಯ ಅಭ್ಯಂಜನದಂತೆ. ಬಿಸಿಲು ಏರಿದ್ದರಿಂದ ಎಣ್ಣೆ ನೀರಾಗಿತ್ತು. ಮುಖದಿಂದ ಕಂಬಿಗೆ, ಕಂಬಿಯಿಂದ ಹಿಡಿಗೆ, ಹಿಡಿಯಿಂದ ಕೈಗವಸಿಗೆ ಹರಿದಿತ್ತು. ಬೀಸಿದೆ. ಚೆಂಡು ಟೀಯ ಮೇಲೆಯೇ ಕೂತಿತ್ತು. ಕೋಲು ಮಾತ್ರ ಕೈ ಬಿಟ್ಟು, ಎರಡು ಸುತ್ತು ಸುತ್ತಿ, ಕೊಳದಂಚಿನ ಕೆಸರಿಗೆ ಹೋಗಿ ನಾಟಿಕೊಂಡಿತು.

ಯಾರೂ ನಗಲಿಲ್ಲ. ಕರ್ನಲ್ ಸಾಹೇಬರು ಗಾಳಿಯಲ್ಲಿ ಮೂಗರಳಿಸಿ, "ಹತ್ತಿರದಲ್ಲೆಲ್ಲೋ ಬಾಳೆಕಾಯಿ ಚಿಪ್ಸ್ ಕರಿಯುತ್ತಿದ್ದಾರೆ" ಎಂದರು. ಮರುದಿನ ಗಾಲ್ಫ್ ಚೀಲದ ತುಂಬ ಇರುವೆ.

ತಪ್ಪಿತಸ್ಥನಿಗೆ ಇತಿಹಾಸದ ಓದು ಹೆಚ್ಚಾಗುತ್ತದೆ. ಉಕ್ಕಿನ ಕಂಬಿಯ ಕೋಲನ್ನು ಸೇಂಟ್ ಆಂಡ್ರೂಸ್‌ನವರು ಒಪ್ಪಿದ್ದೇ 1929ರಲ್ಲಿ ಎಂದು ತಿಳಿದು ಹಿಗ್ಗಿದೆ. 2000ದಲ್ಲಿ ಕ್ಯಾಲವೇ ಕಂಪನಿ ಇಂಥದೇ ಚಿಮ್ಮುವ ಡ್ರೈವರ್ ತಂದಾಗ ಅಮೆರಿಕದವರು ನಿಷೇಧಿಸಿದರು, ಸ್ಕಾಟ್ಲೆಂಡಿನವರು ಸುಮ್ಮನಿದ್ದರು. ಮಹಾ ಆಟಗಾರ ಆರ್ನಾಲ್ಡ್ ಪಾಮರ್ ಅವರೇ ಹವ್ಯಾಸಿಗಳು ಆಡಿದರೆ ತಪ್ಪೇನು ಎಂಬ ಪಕ್ಷ ಹಿಡಿದು ಬೈಸಿಕೊಂಡರು. ಕೊನೆಗೆ ಎರಡೂ ಕಡೆಯವರು ರಾಜಿಯಾಗಿ, 2008ರ ಜನವರಿ 1ರಿಂದ ಎಲ್ಲರಿಗೂ ಒಂದೇ ಮಿತಿ ಎಂದರು. ಅಂದರೆ ನಮ್ಮಂಥ ಎಷ್ಟೋ ಮಂದಿ ಡಿಸೆಂಬರ್ 31ರ ರಾತ್ರಿ ಸಜ್ಜನರಾಗಿ ಮಲಗಿ ಬೆಳಗ್ಗೆ ಕಳ್ಳರಾಗಿ ಎದ್ದಿರಬೇಕು. ಇನ್ನೊಂದು ಸಂಗತಿಯಂತೂ ಅಮೃತ: ಹೊಡೆದು ಹೊಡೆದು ಮುಖ ಸಡಿಲಾಗಿ, ಸಾಚಾ ಡ್ರೈವರೂ ತಾನಾಗಿ ಮಿತಿ ದಾಟುತ್ತದೆ. 2025ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ಆಟಗಾರ ಸ್ಕಾಟಿ ಶೆಫ್ಲರ್ ಅವರ ಡ್ರೈವರ್ ಹಾಗೆಯೇ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ವಯಸ್ಸಾದಂತೆ ಮನುಷ್ಯನ ಕೀಲು ಗಡುಸಾಗುತ್ತದೆ, ಕೋಲಿನದು ಚುರುಕಾಗುತ್ತದೆ, ಎಂಥ ಅನ್ಯಾಯ.

ಇದನ್ನು ಹೆಂಡತಿಗೆ ಹೇಳಿದೆ. "ಆಮೇಲೆ ಅವರೇನು ಮಾಡಿದರು?" ಎಂದು ಕೇಳಿದಳು. ಬೇರೆ ಡ್ರೈವರ್ ತೆಗೆದುಕೊಂಡು ಐದು ಹೊಡೆತಗಳ ಅಂತರದಿಂದ ಗೆದ್ದರು ಎಂದು ಒಪ್ಪಿಕೊಳ್ಳಬೇಕಾಯಿತು. "ನಮ್ಮ ಅದಿತಿ ಅಶೋಕ್?" ಎಂದು ಇನ್ನೊಂದು ಏಟು. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಸುತ್ತನ್ನು ನಾವಿಬ್ಬರೂ ನಸುಕಿನಲ್ಲಿ ಎದ್ದು ನೋಡಿದ್ದೆವು. ಆ ಬೆಂಗಳೂರಿನ ಹುಡುಗಿ ದೂರ ಹೊಡೆಯುವವರ ಸಾಲಿನಲ್ಲಿ ಕೊನೆಗೆ ನಿಲ್ಲುವವಳು; ಗುಂಡಿಯ ಬಳಿ ಚೆಂಡನ್ನು ಮೆಲ್ಲಗೆ ಉರುಳಿಸುವ ಪಟ್ ಹಾಕಿ ಹಾಕಿಯೇ ನಾಲ್ಕನೆಯ ಸ್ಥಾನಕ್ಕೆ ಬಂದು, ಒಂದೇ ಹೊಡೆತದಲ್ಲಿ ಕಂಚಿನಿಂದ ದೂರ ಉಳಿದಳು. "ಅದೂ ಜಪಾನಿನಲ್ಲೇ" ಎಂದು ಹೆಂಡತಿ ನೆನಪಿಸಿದಳು. ಯೆನ್‌ನ ಲೆಕ್ಕ ಅವಳಿಗೆ ಮೊದಲೇ ತಿಳಿದಿತ್ತು ಎಂದು ನನಗೆ ಆಗ ಹೊಳೆಯಿತು.

ಮಾರ್ಚಿನ ಒಂದು ಭಾನುವಾರ ದೋಸೆ ಬರುವ ಮುನ್ನ ಬಾಯಿಬಿಟ್ಟೆ. 0.87ನ್ನೂ ಕೊಬ್ಬರಿ ಎಣ್ಣೆಯನ್ನೂ ಹೇಳಿದೆ. ನನ್ನನ್ನು ಅನರ್ಹಗೊಳಿಸಿ, ಗೆದ್ದದ್ದನ್ನೆಲ್ಲ ವಾಪಸು ತೆಗೆದುಕೊಳ್ಳಿ ಎಂದೆ. ಗಂಟಲು ಸ್ವಲ್ಪ ಕಟ್ಟಿತ್ತು ಕೂಡ.

ಲೆಕ್ಕಪರಿಶೋಧಕರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ನಮ್ಮ ದೋಸೆಗಳ ಪೂರ್ಣ ದಾಖಲೆ ಅವರಲ್ಲಿದೆ. ಬೆರಳು ಓಡಿಸಿ ಹೇಳಿದರು: "ಕಳ್ಳ ಕೋಲು ಬಂದ ಮೇಲೆ ಹದಿನೇಳು ಭಾನುವಾರ. ನೀವು ಗೆದ್ದದ್ದು ಸೊನ್ನೆ. ಅದಕ್ಕೆ ಹಿಂದಿನ ಹದಿನೇಳರಲ್ಲಿ ಎರಡು ಗೆದ್ದಿದ್ದೀರಿ."

"ಗೆದ್ದವನನ್ನು ಅನರ್ಹಗೊಳಿಸಬಹುದು" ಎಂದರು ಕರ್ನಲ್ ಸಾಹೇಬರು. "ಕೊನೆಯವನನ್ನು ಅನರ್ಹಗೊಳಿಸಿ ಎಲ್ಲಿಗೆ ಕಳಿಸುವುದು?" ದಂತವೈದ್ಯರಿಗೆ ಕುತೂಹಲವಿದ್ದದ್ದು ಎಣ್ಣೆ ಯಾವ ಗಾಣದ್ದು ಎಂಬುದರಲ್ಲಿ ಮಾತ್ರ. ಬಿಲ್ಲಿನ ನನ್ನ ಪಾಲು ಎಂದಿನಂತೆ ನಾನೇ ಕೊಟ್ಟೆ.

ಚೀಲವನ್ನು ಕಾರಿನ ಡಿಕ್ಕಿಗೆ ಇಡುತ್ತಿದ್ದ ಕ್ಯಾಡಿಯನ್ನು ಕೇಳಿದೆ, ನಿನಗಾದರೂ ಗೊತ್ತಾಗಿತ್ತೇ ಎಂದು. "ಮೊದಲ ದಿನ ಸದ್ದು ಕೇಳಿ ಅನುಮಾನ ಬಂದಿತ್ತು ಸಾರ್" ಎಂದ. "ಆಮೇಲೆ ಚೆಂಡು ಬಿದ್ದ ಜಾಗ ನೋಡಿ ಅನುಮಾನ ಹೋಯಿತು."

ಡ್ರೈವರ್ ಈಗ ಮನೆಯಲ್ಲೇ ಇದೆ. ಕೋಲಿನ ಉದ್ದ 48 ಅಂಗುಲ ಮೀರಬಾರದೆಂದು ನಿಯಮ. ನಮ್ಮ ಹಿತ್ತಲಿನ ನುಗ್ಗೆಮರಕ್ಕೆ ಅಷ್ಟು ಸಾಲದೆಂದು ಅಮ್ಮ ಅದಕ್ಕೆ ಆರಡಿ ಬಿದಿರು ಕಟ್ಟಿಸಿದ್ದಾರೆ. ತಲೆ ದಪ್ಪಗಿರುವುದರಿಂದ ಕಾಯಿ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆಯಂತೆ. ನಿನ್ನೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, ಜಪಾನಿನಿಂದ ಬಂದವನು ಹೇಗಿದ್ದಾನೆ ಎಂದು ವಿಚಾರಿಸಿದರು. ಅಮ್ಮ ನುಗ್ಗೆಕಾಯಿ ಆರಿಸುತ್ತಲೇ ಉತ್ತರಿಸಿದರು: "ಪರವಾಗಿಲ್ಲ, ಚೆನ್ನಾಗಿ ಕೆಲಸ ಮಾಡುತ್ತಾನೆ."