ಮಂಡಿಪೇಟೆಯ ಸಿರಿಂಜು, ಬಾಲ್ಟಿಮೋರ್‌ನ ಜೈಲು

ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದೆವು. ಇಲ್ಲಿ ಅಮೆರಿಕದಲ್ಲಿ ನಮ್ಮ ಹಬ್ಬ ಹಬ್ಬದ ದಿನ ಆಗುವುದಿಲ್ಲ, ಶಾಲೆಯ ಹಾಲ್ ಸಿಕ್ಕ ಶನಿವಾರ ಆಗುತ್ತದೆ, ಅದಿರಲಿ. ಮುಂದಿದ್ದ ಹಿರಿಯರೊಬ್ಬರು ಎಲ್ಲಿ ಕೆಲಸ ಅಂತ ಕೇಳಿದರು. ಬಾಲ್ಟಿಮೋರ್ ಊರೊಳಗೇ ಸರ್, ಫಾರ್ಮಸಿಯಲ್ಲಿ, ಎಚ್‌ಐವಿ ಮಾತ್ರೆ ತಗೊಳ್ಳೋರು ಜಾಸ್ತಿ ಬರ್ತಾರೆ ಅಂದೆ. "ಹುಷಾರಪ್ಪ. ಆ ಕರಿಯರಿಗೆ ಅದು ಬರದೆ ಇನ್ಯಾರಿಗೆ ಬರುತ್ತೆ, ಅವರ ನಡತೆನೇ ಹಾಗೆ" ಅಂದವರೇ ಕೋಸಂಬರಿ ಬಡಿಸಿಕೊಂಡು ಮುಂದೆ ಹೋದರು. ಹಬ್ಬದ ಹೊತ್ತಲ್ಲಿ ಜಗಳ ಯಾಕೆ ಅಂತ ನಾನೂ ಸುಮ್ನಾದೆ. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಪ್ಪು ಜನರಲ್ಲಿ ಅದು ಜಾಸ್ತಿ ಅನ್ನುವಷ್ಟು ಮಾತು ಸುಳ್ಳಲ್ಲ. ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ನೂರಕ್ಕೆ 12–13. ವರ್ಷವರ್ಷ ಹೊಸದಾಗಿ ಎಚ್‌ಐವಿ ಪತ್ತೆಯಾಗುವವರಲ್ಲಿ ಅವರು ನೂರಕ್ಕೆ 40ರ ಹತ್ತಿರ. ಆದರೆ ನಡತೆ ಅಂದರಲ್ಲ, ಅದು ನನಗೆ ಚುಚ್ಚಿತು. ಸರ್ಕಾರವೇ ಮಾಡಿಸುವ ಸಮೀಕ್ಷೆಗಳ ಪ್ರಕಾರ ಡ್ರಗ್ಸ್ ತಗೊಳ್ಳುವುದರಲ್ಲಿ ಬಿಳಿಯರು, ಕಪ್ಪು ಜನ ಹೆಚ್ಚುಕಮ್ಮಿ ಒಂದೇ. ಸಿಕ್ಕಿಬೀಳುವುದರಲ್ಲಿ ಮಾತ್ರ ಒಂದಲ್ಲ. ಬಾಲ್ಟಿಮೋರ್ ಇರುವ ನಮ್ಮ ಮೇರಿಲ್ಯಾಂಡ್ ರಾಜ್ಯದಲ್ಲಿ ನೂರು ಜನರಲ್ಲಿ 30 ಮಂದಿ ಕಪ್ಪು ಜನ. ರಾಜ್ಯದ ಜೈಲುಗಳಲ್ಲಿ ನೂರಕ್ಕೆ 70.

ನಮ್ಮಪ್ಪನದು ದಾವಣಗೆರೆ ಮಂಡಿಪೇಟೆಯಲ್ಲಿ ಮೆಡಿಕಲ್ ಶಾಪ್. ಕಾಲೇಜು ಮುಗಿಸಿ ಬಂದು ಸಂಜೆ ಕೌಂಟರ್‌ನಲ್ಲಿ ನಾನೇ ನಿಲ್ಲುತ್ತಿದ್ದೆ. ಹತ್ತಿ, ಡೆಟಾಲ್ ಪಕ್ಕದಲ್ಲೇ ಸಿರಿಂಜ್ ಡಬ್ಬಿ. ಐದು ಎಂಎಲ್‌ದು ಎರಡು ಕೊಡಿ ಅಂದರೆ ಕೊಟ್ಟೆವು, ಚಿಲ್ಲರೆ ಇಲ್ಲದಿದ್ದರೆ ಜೊತೆಗೆರಡು ವಿಕ್ಸ್ ಗುಳಿಗೆ. ಯಾರಿಗೆ, ಯಾಕೆ ಅಂತ ಯಾರು ಕೇಳ್ತಾರೆ? ಅಜ್ಜಿಗೆ ಇಂಜೆಕ್ಷನ್ ಇರಬಹುದು, ಎಮ್ಮೆಗೆ ಇರಬಹುದು, ಹೋಳಿ ಹತ್ತಿರ ಬಂತೆಂದರೆ ಬಣ್ಣ ಹಾರಿಸೋಕೆ ಹುಡುಗರು ಡಬ್ಬಿಗಟ್ಟಲೆ ಒಯ್ಯುತ್ತಿದ್ದರು.

ಇದು ಎಷ್ಟು ದೊಡ್ಡ ಸೌಲಭ್ಯ ಅಂತ ಇಲ್ಲಿಗೆ ಬರೋ ತನಕ ನನಗೆ ಹೊಳೆದೇ ಇರಲಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಡಾಕ್ಟರ ಚೀಟಿ ಇಲ್ಲದೆ ಸಿರಿಂಜ್ ಮಾರುವಂತಿರಲಿಲ್ಲ. ನ್ಯೂಜೆರ್ಸಿಯಂಥ ಕಡೆ ಇದು 2012ರವರೆಗೂ ನಡೆಯಿತು. ಜೇಬಲ್ಲಿ ಸಿರಿಂಜ್ ಇದ್ದರೆ, ಅದಕ್ಕೆ ಕಾರಣ ಹೇಳೋಕೆ ಬರದಿದ್ದರೆ, ಬಹುಪಾಲು ರಾಜ್ಯಗಳಲ್ಲಿ ಅದೇ ಒಂದು ಕೇಸು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಕಥೆ. ಹೀಗಿದ್ದಾಗ ಚಟಕ್ಕೆ ಬಿದ್ದವನು ಏನು ಮಾಡ್ತಾನೆ? ಜೇಬಲ್ಲಿ ಇಟ್ಟುಕೊಂಡು ತಿರುಗುವುದಿಲ್ಲ, ಹೋದ ಜಾಗದಲ್ಲಿ ಯಾರದೋ ಸೂಜಿಯನ್ನೇ ಹಾಕಿಕೊಂಡು ಬರುತ್ತಾನೆ, ಎಚ್‌ಐವಿ ಅಂಟುವುದು ಹೀಗೆ. ಯಾವ ಬೀದಿಯಲ್ಲಿ ಪೊಲೀಸರು ದಿನಾ ನಿಲ್ಲಿಸಿ ಜೇಬು ತಡಕುತ್ತಾರೋ ಆ ಬೀದಿಯಲ್ಲಿ ಇದು ಜಾಸ್ತಿ. ಬಾಲ್ಟಿಮೋರ್‌ನಲ್ಲಿ ಅಂಥ ಬೀದಿಗಳು ಯಾರವು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

1986ರಲ್ಲಿ ಒಂದು ಕಾನೂನು ಬಂತು. 500 ಗ್ರಾಂ ಕೊಕೇನ್ ಪುಡಿಗೆ ಎಷ್ಟು ಶಿಕ್ಷೆಯೋ, 5 ಗ್ರಾಂ ಕ್ರ್ಯಾಕ್‌ಗೂ ಅಷ್ಟೇ. ಕನಿಷ್ಠ ಐದು ವರ್ಷ. ಎರಡೂ ಒಂದೇ ಮಾಲು, ಒಂದನ್ನು ಸೋಡಾ ಹಾಕಿ ಕುದಿಸಿರುತ್ತಾರೆ ಅಷ್ಟೆ. ಪುಡಿ ದುಡ್ಡಿರುವ ಬಿಳಿಯರ ಪಾರ್ಟಿಯದು, ಕ್ರ್ಯಾಕ್ ಬಡ ಕಪ್ಪು ಜನರ ಕೇರಿಯದು. 2010ರಲ್ಲಿ ಒಬಾಮ ಕಾಲಕ್ಕೆ ಆ ನೂರು ಪಟ್ಟನ್ನು 18 ಪಟ್ಟಿಗೆ ಇಳಿಸಿದರು, ಪೂರ್ತಿ ತೆಗೆಯಲಿಲ್ಲ. 1988ರಲ್ಲಿ ಇನ್ನೊಂದು: ಹಳೆ ಸೂಜಿ ತಗೊಂಡು ಹೊಸ ಸೂಜಿ ಕೊಡುವ ಕೆಲಸಕ್ಕೆ ಕೇಂದ್ರದ ಒಂದು ಡಾಲರ್ ಕೂಡ ಹೋಗಕೂಡದು ಅಂತ. 2009ರಲ್ಲಿ ತೆಗೆದರು, 2011ರಲ್ಲಿ ಮತ್ತೆ ತಂದರು, 2015ರ ಕೊನೆಗೆ ಅರ್ಧಂಬರ್ಧ ಸಡಿಲಿಸಿದರು. ವ್ಯಾನಿಗೆ, ಸಂಬಳಕ್ಕೆ ಖರ್ಚು ಮಾಡಬಹುದು, ಸೂಜಿ ಕೊಳ್ಳುವ ಹಾಗಿಲ್ಲ. ನಮ್ಮೂರಲ್ಲಿ ಚಿಲ್ಲರೆಗೆ ಸಿಗುವ ಸಾಮಾನು!

ಬಾಲ್ಟಿಮೋರ್ ಕೇಂದ್ರಕ್ಕಾಗಿ ಕಾಯಲಿಲ್ಲ. ಕರ್ಟ್ ಶ್ಮೋಕ್ ಅಂತ ಒಬ್ಬ ಕಪ್ಪು ಮೇಯರ್, ಡ್ರಗ್ಸ್ ಪೊಲೀಸರ ಕೆಲಸ ಅಲ್ಲ, ಡಾಕ್ಟರ ಕೆಲಸ ಅಂತ 1988ರಲ್ಲೇ ಹೇಳಿ ಬೈಸಿಕೊಂಡವರು, 1994ರಲ್ಲಿ ನಗರದ ಆರೋಗ್ಯ ಇಲಾಖೆಯಿಂದಲೇ ವ್ಯಾನಿನಲ್ಲಿ ಸೂಜಿ ಕೊಡಿಸಲು ಶುರು ಮಾಡಿದರು. ಅದಕ್ಕೆ ರಾಜ್ಯದ ಶಾಸನಸಭೆಯಲ್ಲಿ ಬೇರೆಯೇ ಕಾನೂನು ಬೇಕಾಯಿತು. ಬಂದವರ ಕೈಗೊಂದು ಗುರುತಿನ ಕಾರ್ಡು, ಪೊಲೀಸರು ಹಿಡಿದರೆ ತೋರಿಸೋಕೆ. ಅದರಿಂದ ಹತ್ತು ವರ್ಷದಲ್ಲಿ ಈ ಒಂದು ಊರಲ್ಲೇ ಸುಮಾರು 1,900 ಜನಕ್ಕೆ ಎಚ್‌ಐವಿ ತಪ್ಪಿತು ಅಂತ ಸಂಶೋಧಕರ ಅಂದಾಜು. ನಡತೆಯೇ ಕಾರಣ ಆಗಿದ್ದರೆ ಒಂದು ವ್ಯಾನಿನಿಂದ ಹೇಗೆ ಕಮ್ಮಿ ಆಗುತ್ತಿತ್ತು?

ಇನ್ನೊಂದು ಊರಿನ ಕಥೆ ಕೇಳಿ. ಇಂಡಿಯಾನ ರಾಜ್ಯದ ಸ್ಕಾಟ್ ಕೌಂಟಿ. ಅಲ್ಲಿ ಆಸ್ಟಿನ್ ಅಂತ ನಾಲ್ಕು ಸಾವಿರ ಚಿಲ್ಲರೆ ಜನರ ಊರು, ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುವ ಚಟ ಹತ್ತಿ, 2015ರ ಸುಮಾರಿಗೆ 200ಕ್ಕೂ ಹೆಚ್ಚು ಜನಕ್ಕೆ ಎಚ್‌ಐವಿ ಅಂಟಿತು. ಆಗ ಗವರ್ನರ್ ಆಗಿದ್ದವರು ಮೈಕ್ ಪೆನ್ಸ್. ಸೂಜಿ ಕೊಡುವುದಕ್ಕೆ ವಿರೋಧವಾಗಿದ್ದ ಮನುಷ್ಯ ತುರ್ತು ಸ್ಥಿತಿ ಘೋಷಿಸಿ ಅದಕ್ಕೇ ಒಪ್ಪಿಗೆ ಕೊಟ್ಟರು. ಒಳ್ಳೇದಾಯಿತು, ಬೇಡ ಅನ್ನಲ್ಲ. ಆದರೆ ಅಲ್ಲಿನವರನ್ನು ಪೇಪರಿನವರು ರೋಗಿಗಳು ಅಂದರು, ನಮ್ಮ ಬಾಲ್ಟಿಮೋರ್‌ನವರನ್ನು ಕಳೆದ ಮೂವತ್ತು ವರ್ಷ ಏನಂದರು?

ಈಗ ಸೂಜಿಯಿಂದ ಅಂಟುವುದು ಮೊದಲಿನಷ್ಟಿಲ್ಲ, ಲೈಂಗಿಕ ಸಂಪರ್ಕದಿಂದಲೇ ಹೆಚ್ಚು. ಅಲ್ಲೂ ಜೈಲು ಬರುತ್ತದೆ. ಜೈಲೊಳಗೇ ಎಲ್ಲರಿಗೂ ಅಂಟುತ್ತದೆ ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ಹೆಚ್ಚಿನವರು ಒಳಗೆ ಹೋಗುವ ಮೊದಲೇ ಸೋಂಕು ಇದ್ದವರು. ಕೆಡುವುದು ಹೊರಗೆ. ಒಂದು ಕೇರಿಯಿಂದ ಇಷ್ಟೊಂದು ಗಂಡಸರನ್ನು ಎತ್ತಿಕೊಂಡು ಹೋದರೆ ಉಳಿದವರ ಸಂಬಂಧಗಳೆಲ್ಲ ಕಲಸಿಹೋಗುತ್ತವೆ. ಹೆಂಡತಿ ಒಬ್ಬಂಟಿ, ವಾಪಸ್ ಬಂದ ಗಂಡನಿಗೆ ಕೆಲಸ ಇಲ್ಲ, ಮನೆ ಬಾಡಿಗೆಗೆ ಕೊಡೋರಿಲ್ಲ. ಒಬ್ಬರಿಂದ ಒಬ್ಬರಿಗೆ ಸೋಂಕು ದಾಟಲು ಇಷ್ಟು ಸಾಕು. ಒಂದು ತಪ್ಪೂ ಮಾಡದ ಹೆಂಗಸರಿಗೆ ಬಂದಿರುವುದನ್ನು ನಾನು ದಿನಾ ನೋಡುತ್ತೇನೆ.

ಮಾತ್ರೆಯ ಕಥೆಯೂ ಅಷ್ಟೆ. ತಿಂಗಳಿಗೊಂದು ಡಬ್ಬಿ, 30 ಮಾತ್ರೆ, ದಿನಕ್ಕೊಂದು. ಬಿಡದೆ ನುಂಗಿದರೆ ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿಯುತ್ತದೆ, ಆಮೇಲೆ ಸಂಗಾತಿಗೂ ಅಂಟುವುದಿಲ್ಲ. ಪೇಪರ್ ಚೀಲಕ್ಕೆ ಹೆಸರು ಅಂಟಿಸಿ ಶೆಲ್ಫಿನಲ್ಲಿ ಇಟ್ಟಿರುತ್ತೇವೆ. ಎರಡು ವಾರ ಯಾರೂ ಬರದಿದ್ದರೆ ವಾಪಸ್ ಹಾಕಿ ಅಂತ ಕಂಪ್ಯೂಟರೇ ಹೇಳುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ತಿಂಗಳುಗಟ್ಟಲೆ ಆದಮೇಲೆ ಆ ಮನುಷ್ಯ ಸಣಕಲಾಗಿ ಬಂದು ನಿಲ್ಲುತ್ತಾನೆ. ಒಳಗಿದ್ದೆ, ಹೊರಗೆ ಬರುವಷ್ಟರಲ್ಲಿ ಇನ್ಶೂರೆನ್ಸ್ ನಿಂತಿದೆ ಅನ್ನುತ್ತಾನೆ. ಬಡವರ ಇನ್ಶೂರೆನ್ಸ್ ಮೆಡಿಕೇಡ್ ಜೈಲಿನಲ್ಲಿ ಇರುವವರಿಗೆ ದುಡ್ಡು ಕೊಡುವುದಿಲ್ಲ, ಹೊರಬಂದ ಮೇಲೆ ಮತ್ತೆ ಶುರು ಮಾಡಿಸಲು ಅಲೆದಾಟ. ಟೆಕ್ಸಾಸ್‌ನಲ್ಲಿ ಜೈಲಿಂದ ಬಿಡುಗಡೆಯಾದ ಎಚ್‌ಐವಿ ರೋಗಿಗಳ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಬಂತು. ಹತ್ತು ದಿನದೊಳಗೆ ಮಾತ್ರೆ ಕೊಂಡವರು ನೂರಕ್ಕೆ ಬರೀ ಐದು.

ಇದನ್ನೆಲ್ಲ ನೋಡಿದಾಗ ನಮ್ಮ ದೇಶವೇ ವಾಸಿ ಅನಿಸುತ್ತದೆ. ಅಮೆರಿಕ ಸೂಜಿಗೆ ದುಡ್ಡಿಲ್ಲ ಅನ್ನುತ್ತಿದ್ದ ಕಾಲದಲ್ಲೇ, 1996ರಲ್ಲಿ, ಮಣಿಪುರ ಸರ್ಕಾರ ತನ್ನ ಏಡ್ಸ್ ನೀತಿಯಲ್ಲಿ ಸೂಜಿ ಕೊಡುವುದನ್ನು ಒಪ್ಪಿತ್ತು. ಮುಂದೆ ಕೇಂದ್ರ ಸರ್ಕಾರದ ದುಡ್ಡಿನಲ್ಲೇ ಅದು ನಡೆಯಿತು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಅಶೋದಯ ಸಮಿತಿ ಕಟ್ಟಿಕೊಂಡು ತಮ್ಮವರಿಗೆ ತಾವೇ ಕಾಂಡೋಮ್ ಹಂಚಿದರು. ಎಚ್‌ಐವಿ ಮಾತ್ರೆ 2004ರಿಂದ ಪುಕ್ಕಟೆ. 2017ರ ಎಚ್‌ಐವಿ ಕಾಯ್ದೆಯಂತೂ ಸೋಂಕು ತಡೆಯಲು ಸೂಜಿ ಕೊಡುವುದು ಅಪರಾಧ ಅಲ್ಲ ಅಂತ ಬರೆದೇ ಇಟ್ಟಿದೆ. ಶ್ರೀಮಂತ ದೇಶ, ಶ್ರೀಮಂತ ದೇಶ ಅಂತೀವಿ!

ಸರಿ, ಒಪ್ಪಿಕೊಳ್ಳಬೇಕಾದ್ದೂ ಇದೆ. ಅದೇ ಮಣಿಪುರದಲ್ಲಿ ಚಟದವರ ಕಾಲಿಗೆ ಉಗ್ರರು ಗುಂಡು ಹೊಡೆಯುತ್ತಿದ್ದರು. ನಮ್ಮ ಜೈಲುಗಳಲ್ಲೂ ದಲಿತರು, ಆದಿವಾಸಿಗಳು, ಮುಸ್ಲಿಮರು ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಜಾಸ್ತಿಯೇ ಇದ್ದಾರೆ, ನಾಲ್ಕರಲ್ಲಿ ಮೂವರು ವಿಚಾರಣೆಯೇ ಮುಗಿಯದವರು. ದಾವಣಗೆರೆಯವನು ಯಾರಾದರೂ ನೋಡಿಯಾರು ಅಂತ ಹೆದರಿ ಬೇರೆ ಜಿಲ್ಲೆಗೆ ಬಸ್ ಹತ್ತಿ ಮಾತ್ರೆ ತರುತ್ತಾನೆ. ಇಲ್ಲಿ ಅಮೆರಿಕದಲ್ಲಿ ಇನ್ಶೂರೆನ್ಸ್ ಇಲ್ಲದವರಿಗೂ ಮಾತ್ರೆ ಕೊಡಿಸುವ ಯೋಜನೆ 1990ರಿಂದ ಇದೆ, ಅಲೆದಾಡಿದರೆ ಸಿಗುತ್ತದೆ. ಮೇರಿಲ್ಯಾಂಡ್ ಗವರ್ನರ್ 2024ರಲ್ಲಿ 1,75,000ಕ್ಕೂ ಹೆಚ್ಚು ಗಾಂಜಾ ಕೇಸುಗಳಿಗೆ ಒಂದೇ ಸಹಿಯಲ್ಲಿ ಕ್ಷಮೆ ಕೊಟ್ಟರು. ನಮ್ಮಲ್ಲಿ ಅಂಥದ್ದು ಕೇಳಿದ ನೆನಪು ನನಗಿಲ್ಲ.

ಮೊನ್ನೆ ಅಪ್ಪ ಫೋನಿನಲ್ಲಿ ಹೇಳಿದರು, ಈಗ ಹುಡುಗರು ಬಂದು ನೋವಿನ ಮಾತ್ರೆ ಜೊತೆ ಸಿರಿಂಜ್ ಕೇಳ್ತಾರಂತೆ, ಪುಡಿ ಮಾಡಿ ಚುಚ್ಚಿಕೊಳ್ಳೋಕೆ. ಮೆಡಿಕಲ್ ಶಾಪಿನವರದೆಲ್ಲ ಮೀಟಿಂಗ್ ಆಯಿತಂತೆ, ಗುರುತಿಲ್ಲದವರಿಗೆ ಸಿರಿಂಜ್ ಕೊಡೋದು ಬೇಡ ಅಂತ ಮಾತಾಯಿತಂತೆ. ಮಾತ್ರೆ ಕೊಡಬೇಡಿ ಅಪ್ಪಾಜಿ, ಸಿರಿಂಜ್ ಮಾತ್ರ ಇಲ್ಲ ಅನ್ನಬೇಡಿ ಅಂತ ಬಾಲ್ಟಿಮೋರ್ ಕಥೆ ಪೂರ್ತಿ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

"ನೀನು ಅಲ್ಲಿ ಕೂತು ಹೇಳ್ತೀಯಪ್ಪ. ಲೈಸೆನ್ಸ್ ನನ್ನ ಹೆಸರಲ್ಲಿದೆ" ಅಂದರು.