ಸಕ್ಕರೆ ನೋಡ್ರೀ ಅಂದ್ರೆ ಜಾತಕವನ್ನೇ ಬರೀತಾರೆ

ಕೊಲೆಸ್ಟ್ರಾಲ್ ನೋಡಿಸೋಣ ಅಂತ ರಕ್ತ ಕೊಡೋಕೆ ಹೋದರೆ ಮೂತ್ರವನ್ನೂ ಕೇಳ್ತಾರೆ. ಯಾಕ್ರೀ ಅಂದ್ರೆ ‘ರುಟೀನ್’ ಅಂತೆ. ಆ ಹೆಸರಲ್ಲಿ ಕೆಲವು ಕಡೆ ಹೇಳದೆ ಕೇಳದೆ ಗಾಂಜಾ ಪರೀಕ್ಷೆನೂ ಮಾಡಿಬಿಡ್ತಾರಂತೆ. ಆ ರುಟೀನ್‌ನಲ್ಲಿ ಏನೇನಿದೆ ಅಂತ ಬಾಯಿಬಿಟ್ಟು ಹೇಳೋಕೇನು ಕಷ್ಟ?

ಸಕ್ಕರೆ, ಲಿವರ್, ಥೈರಾಯ್ಡ್ ಪರೀಕ್ಷೆ ಯಾವುದರಲ್ಲೂ ಗಾಂಜಾ ತಾನಾಗಿ ಕಾಣಿಸಲ್ಲ. ಬೇಕಂತಲೇ ಹುಡುಕಬೇಕು, ಬೇರೆ ಪರೀಕ್ಷೆ ಬರೆಯಬೇಕು. ಅಂದಮೇಲೆ ಬರೆಯೋರು ಒಂದು ಮಾತು ಕೇಳಬಾರದಾ? ಕೇಳಿದರೆ, ನೀವು ಸಹಿ ಹಾಕಿದ ಫಾರಂನಲ್ಲೇ ಒಪ್ಪಿಗೆ ಇದೆ ಅಂತಾರೆ. ಇರುವೆ ಸಾಲಿನಂಥ ಅಕ್ಷರದಲ್ಲಿ!

ಇನ್ನು ಫಲಿತಾಂಶ. ಗಾಂಜಾದಲ್ಲಿ ಅಮಲು ತರಿಸೋ ಟಿಎಚ್‌ಸಿ ಅನ್ನೋ ಅಂಶ ಮೈಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಇಳಿಯುತ್ತೆ. ದಿನಾ ಸೇದೋರ ಮೂತ್ರದಲ್ಲಿ ಅದರ ಗುರುತು 30 ದಿನ ಕಳೆದ ಮೇಲೂ ಸಿಗಬಹುದು. ಯಾವತ್ತು ಸೇದಿದ್ದು, ಈಗ ಅಮಲಿದೆಯಾ ಅನ್ನೋದನ್ನ ಅದು ಹೇಳಲ್ಲ. ಮೊದಲ ಹಂತದ ತಪಾಸಣೆ ಸುಮ್ಮಸುಮ್ಮನೆ ‘ಪಾಸಿಟಿವ್’ ತೋರಿಸೋದೂ ಉಂಟು (ಎಚ್‌ಐವಿಗೆ ಕೊಡೋ ಎಫಾವಿರೆಂಜ್ ಮಾತ್ರೆಯಿಂದ ಹಾಗಾಗಿದೆ). ಖಚಿತಪಡಿಸೋ ಎರಡನೇ ಪರೀಕ್ಷೆ ಮಾಡದೆ ಆ ಒಂದು ಪದ ಕಡತ ಸೇರಿತೋ, ಮುಗೀತು. ಆಮೇಲೆ ಮಂಡಿನೋವು ಅಂತ ಹೋದರೂ ಹೊಸ ಡಾಕ್ಟರ ಕಣ್ಣು ಮೊದಲು ಬೀಳೋದು ಅಲ್ಲಿಗೇ. ವಿಮೆ ಅರ್ಜಿಯಲ್ಲಿ ‘ವೈದ್ಯಕೀಯ ದಾಖಲೆ ನೋಡಲು ಅನುಮತಿ’ಗೆ ಟಿಕ್ ಹಾಕಿದರೆ ಅವರಿಗೂ ದರ್ಶನಭಾಗ್ಯ.

ತಮಾಷೆ ಏನಂದ್ರೆ, ಆಪರೇಷನ್‌ಗೆ ಅರಿವಳಿಕೆ ಕೊಡೋರಿಗೆ ಈ ವಿಷಯ ನಿಜಕ್ಕೂ ಗೊತ್ತಿರಬೇಕು. ಡೋಸಿನ ಲೆಕ್ಕವೇ ಬದಲಾಗಬಹುದು. ಹೀಗೆ ಕದ್ದು ಪರೀಕ್ಷೆ ಮಾಡ್ತಾ ಹೋದರೆ ಅವರ ಹತ್ತಿರವಾದರೂ ಯಾರು ಬಾಯಿಬಿಡ್ತಾರೆ?